ದೋಣಿ ಉಳಿಸುವ ಮುನ್ನ ದೋಣಿ ಕಟ್ಟುವ ಕೈ ಉಳಿಸಿ

ಪ್ರಶ್ನೆ: ಶರಾವತಿ ಅಳಿವೆಯ ಪಕ್ಕದ ನಮ್ಮ ಊರಿನಲ್ಲಿ ಎರಡು ಹಳೆಯ ಮರದ ದೋಣಿಗಳು, ಒಂದು ರಂಪಣಿ ಬಲೆಯ (ದಡದಿಂದ ಅನೇಕರು ಸೇರಿ ಎಳೆಯುವ ದೊಡ್ಡ ಬಲೆ) ತುಂಡು, ಹಾಯಿಹಡಗಿನ ಕಾಲದ ದಿಕ್ಸೂಚಿ, ಲಂಗರುಗಳು ಮತ್ತು ಕೆಲವು ಲೆಕ್ಕದ ಪುಸ್ತಕಗಳು ಉಳಿದಿವೆ. ಇವನ್ನೆಲ್ಲ ಒಂದೆಡೆ ಸೇರಿಸಿ ಕಡಲ ವಸ್ತುಸಂಗ್ರಹಾಲಯ ಮಾಡಬೇಕೆಂದು ನಮ್ಮ ಸಂಘ ಹೊರಟಿದೆ. ಊರಿನ ಹಿರಿಯರು ಮಾತ್ರ, 'ಹೊರಗಿನವರು ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಊರಿಗೇನು ಬಂತು?' ಎಂದು ಕೇಳುತ್ತಾರೆ. ಇಂಥ ಸಂಗ್ರಹಾಲಯ ಊರಿಗೆ ನಿಜವಾಗಿ ಏನು ಕೊಡಬಲ್ಲದು? ಮುಂದಿನ ಇಪ್ಪತ್ತು ವರ್ಷಗಳ ಯೋಜನೆಯನ್ನು ನಾವು ಎಲ್ಲಿಂದ ಆರಂಭಿಸಬೇಕು?

ಉತ್ತರ: ನಿಮ್ಮ ಊರಿನ ಹಿರಿಯರ ಪ್ರಶ್ನೆಯನ್ನು ಅಡ್ಡಿಯೆಂದು ಭಾವಿಸಬೇಡಿ. ಆ ಪ್ರಶ್ನೆಯನ್ನೇ ನಿಮ್ಮ ಯೋಜನೆಯ ಮೊದಲ ಪುಟದಲ್ಲಿ ಬರೆದುಕೊಳ್ಳಿ. ವಸ್ತುಸಂಗ್ರಹಾಲಯವೆಂದರೆ ಹಳೆಯ ವಸ್ತುಗಳನ್ನು ಕೂಡಿಹಾಕಿ ಕಾಯುವ ಮನೆ ಎಂಬ ತಿಳಿವಳಿಕೆ ಜಗತ್ತಿನ ಎಲ್ಲ ಕಡೆಯೂ ಬಹುಕಾಲ ಇತ್ತು. 2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯು ಸಂಗ್ರಹಾಲಯ ಎಂಬ ಮಾತಿನ ಅರ್ಥವನ್ನೇ ಹೊಸದಾಗಿ ನಿರೂಪಿಸಿ, ಸಮುದಾಯಗಳ ಪಾಲ್ಗೊಳ್ಳುವಿಕೆಯನ್ನು ಅದರೊಳಗೆ ಸೇರಿಸಿತು. ಮಂಡಳಿಯು ದಶಕಗಳ ಚರ್ಚೆಯ ನಂತರ ತಲುಪಿದ ಜಾಗದಲ್ಲಿ ನಿಮ್ಮ ಹಿರಿಯರು ಈಗಾಗಲೇ ನಿಂತು ಪ್ರಶ್ನೆ ಕೇಳುತ್ತಿದ್ದಾರೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಡಲ ಸಂಗ್ರಹಾಲಯದ ನಿಜವಾದ ಆಸ್ತಿ ದೋಣಿಯಲ್ಲ. ಆ ದೋಣಿಯನ್ನು ಕಟ್ಟಬಲ್ಲ, ನಡೆಸಬಲ್ಲ, ಅದರ ಕಥೆ ಹೇಳಬಲ್ಲ ಜನ. ಆದ್ದರಿಂದ ಹಣವನ್ನೂ ಶ್ರಮವನ್ನೂ ಮೊದಲು ಜನರಿಗೆ, ಅನಂತರ ದೋಣಿಗೆ, ಎಲ್ಲಕ್ಕಿಂತ ಕೊನೆಗೆ ಕಟ್ಟಡಕ್ಕೆ ಮೀಸಲಿಡಬೇಕು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತೀರ ವಿರುದ್ಧ: ಮೊದಲು ಶಂಕುಸ್ಥಾಪನೆ, ಆಮೇಲೆ ಗಾಜಿನ ಪೆಟ್ಟಿಗೆ, ಕೊನೆಗೆ ಉಳಿದರೆ ಒಬ್ಬ ಕಾವಲುಗಾರ. ನನ್ನ ಮಾತಿಗೆ ಆಧಾರವಾಗಿ ಡೆನ್ಮಾರ್ಕಿನ ರೋಸ್ಕಿಲ್ಡೆ ಎಂಬ ಊರಿನ ವೈಕಿಂಗರ (ಸಾವಿರ ವರ್ಷದ ಹಿಂದಿನ ಉತ್ತರ ಯೂರೋಪಿನ ಕಡಲಯಾನಿಗಳ) ಹಡಗು ಸಂಗ್ರಹಾಲಯದ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ದೂರದ ದೇಶ, ಬೇರೆ ಹವೆ, ಬೇರೆ ಆದಾಯ ಎಂಬುದು ನನಗೆ ಗೊತ್ತಿದೆ. ಆದರೂ ಅಲ್ಲಿ ಸರಿಹೋದದ್ದು ಮತ್ತು ಕೆಟ್ಟುಹೋದದ್ದು ಎರಡೂ ನಿಮ್ಮ ಕೆಲಸಕ್ಕೆ ನೇರವಾಗಿ ಬರುತ್ತವೆ.

ರೋಸ್ಕಿಲ್ಡೆಯಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕೆ, ಸ್ಕುಲ್ಡೆಲೆವ್ ಎಂಬಲ್ಲಿ, ಕಡಲಿನ ಕಿರಿದಾದ ಕಾಲುವೆಯೊಂದರ ತಳದಲ್ಲಿ ಕಲ್ಲು ತುಂಬಿದ ಹಡಗೊಂದು ಮುಳುಗಿದೆ ಎಂದು ಅಲ್ಲಿಯ ಮೀನುಗಾರರು ತಲೆಮಾರುಗಳಿಂದ ಹೇಳುತ್ತಿದ್ದರು. ಅದು ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಡೆನ್ಮಾರ್ಕನ್ನು ಆಳಿದ ಮಾರ್ಗರೇಟ್ ರಾಣಿಯ ಕಾಲದ ಹಡಗು ಎಂದು ಅವರ ನಂಬಿಕೆ. 1950ರ ದಶಕದಲ್ಲಿ ಮುಳುಗುಗಾರರು ಅಲ್ಲಿಂದ ಒಂದು ಮರದ ತುಂಡನ್ನು ಮೇಲೆತ್ತಿದ ಮೇಲೆ ರಾಷ್ಟ್ರೀಯ ಸಂಗ್ರಹಾಲಯದ ಓಲಾಫ್ ಓಲ್ಸೆನ್ ಮತ್ತು ಓಲೆ ಕ್ರುಮ್ಲಿನ್-ಪೆಡರ್ಸೆನ್ ಶೋಧ ಕೈಗೊಂಡರು. 1962ರಲ್ಲಿ ಸುತ್ತ ಕಬ್ಬಿಣದ ತಡೆಗೋಡೆ ಹಾಕಿ, ನೀರು ಹೊರಹಾಕಿ, ನಾಲ್ಕು ತಿಂಗಳಲ್ಲಿ ಐದು ಹಡಗುಗಳ ಅವಶೇಷಗಳನ್ನು ಹೊರತೆಗೆದರು. ಅವು ರಾಣಿಯ ಕಾಲದವಲ್ಲ, ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನವು. ಕ್ರಿ.ಶ. 1070ರ ಆಸುಪಾಸಿನಲ್ಲಿ, ಶತ್ರುಗಳ ಹಡಗು ಊರಿನತ್ತ ಬಾರದಂತೆ ತಡೆಯಲು ಬೇಕೆಂದೇ ಕಲ್ಲು ತುಂಬಿ ಮುಳುಗಿಸಿದ್ದವು. ಮೀನುಗಾರರ ನೆನಪಿನಲ್ಲಿ ಕಾಲ ತಪ್ಪಿತ್ತು, ಜಾಗ ತಪ್ಪಿರಲಿಲ್ಲ. ಊರಿನ ಬಾಯಿಮಾತನ್ನು ಇತಿಹಾಸವಲ್ಲವೆಂದು ತಳ್ಳಿಹಾಕುವವರಿಗೆ ನಾನು ಈ ಪ್ರಸಂಗವನ್ನು ಯಾವಾಗಲೂ ಹೇಳುತ್ತೇನೆ. ನಿಮ್ಮ ಅಳಿವೆಯ ಬಾಯಲ್ಲಿ ಯಾವ ಮಂಜಿ (ಸರಕಿನ ಹಾಯಿಹಡಗು) ಎಲ್ಲಿ ಒಡೆಯಿತು, ಯಾವ ಬಂಡೆಗೆ ಯಾರ ಹೆಸರಿದೆ ಎಂದು ಹೇಳಬಲ್ಲ ತಾಂಡೇಲರು (ದೋಣಿ ನಡೆಸುವ ಮುಖಂಡರು) ಇನ್ನೂ ಇದ್ದರೆ, ನಿಮ್ಮ ಲೆಕ್ಕದ ಪುಸ್ತಕಗಳಿಗಿಂತ ಅವರ ಮಾತು ಬೇಗ ಕಳೆದುಹೋಗುವ ದಾಖಲೆ ಎಂಬುದನ್ನು ಮರೆಯಬೇಡಿ.

ಆ ಐದು ಹಡಗುಗಳಿಗಾಗಿ ಕಡಲಂಚಿನಲ್ಲೇ ಕಾಂಕ್ರೀಟು ಮತ್ತು ಗಾಜಿನ ಸಭಾಂಗಣವೊಂದನ್ನು ಕಟ್ಟಿ 1969ರಲ್ಲಿ ತೆರೆಯಲಾಯಿತು. ಅಲ್ಲಿಗೆ ನಿಂತಿದ್ದರೆ ಅದು ಒಂದು ಒಳ್ಳೆಯ ಪ್ರದರ್ಶನವಾಗಿ ಉಳಿಯುತ್ತಿತ್ತು, ಅಷ್ಟೆ. ಅಲ್ಲಿಯ ತಜ್ಞರಿಗೆ ಒಂದು ಸಂಗತಿ ಬೇಗ ಅರಿವಾಯಿತು: ಹಲಗೆಯ ಅಳತೆ ತೆಗೆದು ನಕ್ಷೆ ಬರೆದರೆ ಹಡಗಿನ ಆಕಾರ ತಿಳಿಯುತ್ತದೆ, ಆದರೆ ಅದನ್ನು ಕಟ್ಟಿದವನ ಬುದ್ಧಿ ತಿಳಿಯುವುದಿಲ್ಲ. ಆದ್ದರಿಂದ ಅವರು ಪ್ರತಿರೂಪಗಳನ್ನು ಕಟ್ಟತೊಡಗಿದರು. ಮೊದಲನೆಯದು 1984ರಲ್ಲಿ ನೀರಿಗಿಳಿಯಿತು. ಕಟ್ಟುವಾಗ ಗರಗಸವನ್ನು ಮುಟ್ಟಲಿಲ್ಲ. ಮೂಲ ಹಲಗೆಗಳ ಮೇಲಿನ ಉಪಕರಣದ ಗುರುತುಗಳನ್ನು ಓದಿ, ಓಕ್ ಮರದ ದಿಮ್ಮಿಯನ್ನು ಬೆಣೆ ಬಡಿದು ಸೀಳಿ, ಕೊಡಲಿಯಿಂದ ಕೆತ್ತಿ ಹಲಗೆ ಮಾಡಿದರು. ಹಾಗೆ ಸೀಳಿದ ಹಲಗೆಯಲ್ಲಿ ನಾರು ತುಂಡಾಗುವುದಿಲ್ಲ. ತೆಳುವಾಗಿದ್ದರೂ ಅದು ಬಲವಾಗಿ ಬಾಗುತ್ತದೆ. ಹಾಯಿ ಕಟ್ಟುವ ಬಗೆ ಡೆನ್ಮಾರ್ಕಿನಲ್ಲಿ ಮರೆತುಹೋಗಿತ್ತು. ನಾರ್ವೆಯ ಕರಾವಳಿಯಲ್ಲಿ ಚೌಕ ಹಾಯಿಯ ದೋಣಿಗಳ ಪರಂಪರೆ ಅಷ್ಟಿಷ್ಟು ಉಳಿದಿದ್ದರಿಂದ ಅಲ್ಲಿಯವರಿಂದ ಕಲಿತರು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಸಾವಿರ ವರ್ಷದ ಹಿಂದಿನ ಹಡಗನ್ನು ಅರ್ಥಮಾಡಿಕೊಳ್ಳಲು ಬೇಕಾದದ್ದು ಇಪ್ಪತ್ತನೆಯ ಶತಮಾನದ ಮೀನುಗಾರರ ಕೈಯಲ್ಲಿ ಉಳಿದಿದ್ದ ಅಭ್ಯಾಸ. ಆ ಕೈಗಳು ಇನ್ನೊಂದು ತಲೆಮಾರು ಮೊದಲೇ ನಿಂತುಹೋಗಿದ್ದರೆ ಎಷ್ಟು ಹಣ ಸುರಿದರೂ ಆ ತಿಳಿವಳಿಕೆ ಮರಳಿ ಬರುತ್ತಿರಲಿಲ್ಲ.

1997ರಲ್ಲಿ ಆ ಸಂಗ್ರಹಾಲಯ ದೋಣಿ ಕಟ್ಟುವ ಅಂಗಳ, ಕಾರ್ಯಾಗಾರ ಮತ್ತು ಸಣ್ಣ ಬಂದರನ್ನು ಸೇರಿಸಿಕೊಂಡು ವಿಸ್ತಾರಗೊಂಡಿತು. ಆ ಬಂದರಿಗಾಗಿ ನೆಲ ತೋಡುವಾಗ ಇನ್ನೂ ಒಂಬತ್ತು ಹಳೆಯ ಹಡಗುಗಳು ಸಿಕ್ಕಿದವು. ಅವುಗಳಲ್ಲಿ ಒಂದು, ಈವರೆಗೆ ಕಂಡುಬಂದಿರುವ ವೈಕಿಂಗ್ ಹಡಗುಗಳಲ್ಲೆಲ್ಲ ಉದ್ದವಾದದ್ದು, ಸುಮಾರು 37 ಮೀಟರ್. ಆದರೆ ಊರಿನ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಪ್ರತಿಯೊಂದು ಪ್ರತಿರೂಪದ ದೋಣಿಗೂ ಊರಿನ ಸ್ವಯಂಸೇವಕರ ಒಂದು ಕೂಟವಿದೆ. ಆ ಕೂಟದವರು ಚಳಿಗಾಲದಲ್ಲಿ ದೋಣಿಗೆ ಎಣ್ಣೆ ಬಳಿದು, ಹಗ್ಗ ಹೊಸೆದು, ಬೇಸಿಗೆಯಲ್ಲಿ ಅದನ್ನು ತಾವೇ ನಡೆಸುತ್ತಾರೆ. ದೋಣಿ ಸಂಗ್ರಹಾಲಯದ್ದು, ಆರೈಕೆ ಊರಿನದು. ಅದಕ್ಕೆ ಪ್ರತಿಯಾಗಿ ಅದನ್ನು ಕಡಲಿಗೆ ಒಯ್ಯುವ ಹಕ್ಕೂ ಊರಿನದು. ನಿಮ್ಮ ಹಿರಿಯರ 'ಊರಿಗೇನು ಬಂತು' ಎಂಬ ಪ್ರಶ್ನೆಗೆ ನಾನು ಕಂಡ ಅತ್ಯಂತ ನೇರವಾದ ಉತ್ತರ ಈ ಏರ್ಪಾಟಿನಲ್ಲಿದೆ.

ಆ ಐದು ಹಡಗುಗಳಲ್ಲಿ ಎರಡನೆಯದರ ಮರದ ಉಂಗುರಗಳನ್ನು ಎಣಿಸಿ ನೋಡಿದಾಗ ಅದು 1042ರಲ್ಲಿ ಐರ್ಲೆಂಡಿನ ಡಬ್ಲಿನ್ ಬಳಿ ಕಟ್ಟಿದ ಯುದ್ಧನೌಕೆ ಎಂದು ತಿಳಿದುಬಂತು. 2000ದಿಂದ 2004ರವರೆಗೆ ಅದರ ಪ್ರತಿರೂಪವನ್ನು ಕಟ್ಟಿ, 2007ರಲ್ಲಿ ಅರವತ್ತಕ್ಕೂ ಹೆಚ್ಚು ಜನರ ತಂಡ ಅದನ್ನು ಡಬ್ಲಿನ್ ವರೆಗೆ ನಡೆಸಿಕೊಂಡು ಹೋಗಿ, ಮರುವರ್ಷ ವಾಪಸು ತಂದಿತು. ತಂಡದ ಬಹುಪಾಲು ಜನ ಸ್ವಯಂಸೇವಕರು. ಹೀಗೆ ಸ್ವಯಂಸೇವಕರು ಸಂಗ್ರಹಾಲಯದ ಹಡಗಿನ ಪ್ರತಿರೂಪವನ್ನು ಮೂಲ ಹಡಗು ಹುಟ್ಟಿದ ಊರಿಗೆ ತಾವೇ ಒಯ್ದು ತೋರಿಸಿದರು. 2021ರ ಡಿಸೆಂಬರಿನಲ್ಲಿ ಉತ್ತರ ಯೂರೋಪಿನ ಐದು ದೇಶಗಳ ಈ ದೋಣಿ ಕಟ್ಟುವ ಪರಂಪರೆಯನ್ನು ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ್ದು ಯಾವುದೇ ಒಂದು ಹಡಗಲ್ಲ, ಹಲಗೆಯ ಮೇಲೆ ಹಲಗೆ ಏರಿಸಿ ಮೊಳೆ ಹೊಡೆಯುವ ವಿದ್ಯೆ.

ಇನ್ನು ಕೆಟ್ಟುಹೋದದ್ದು. 2013ರ ಡಿಸೆಂಬರ್ ಮೊದಲ ವಾರದಲ್ಲಿ ಬೋಡಿಲ್ ಎಂಬ ಬಿರುಗಾಳಿ ಎದ್ದು, ಆ ಕಡಲಕೊಲ್ಲಿಯ ನೀರು ಸುಮಾರು 2 ಮೀಟರ್ ಏರಿತು. ಕಡಲಿಗೆ ಮುಖಮಾಡಿದ ಸಭಾಂಗಣದ ಗಾಜಿನ ಗೋಡೆಯ ಹೊರಗೆ ನೀರು, ಒಳಗೆ ಸಾವಿರ ವರ್ಷದ ಒಣಮರ. ಸಿಬ್ಬಂದಿ ಹೋರಾಡಿ ಹಡಗುಗಳನ್ನು ಉಳಿಸಿಕೊಂಡರು. ಉಪ್ಪುಗಾಳಿಗೆ ಒಡ್ಡಿಕೊಂಡು ನಿಂತಿದ್ದ ಕಾಂಕ್ರೀಟು ಅಷ್ಟರಲ್ಲಾಗಲೇ ಶಿಥಿಲವಾಗುತ್ತ ಬಂದಿತ್ತು. ವಾಸ್ತುಶಿಲ್ಪದ ದೃಷ್ಟಿಯಿಂದ ಸಂರಕ್ಷಿತವೆಂದು ಘೋಷಿತವಾಗಿದ್ದ ಆ ಕಟ್ಟಡದ ಸಂರಕ್ಷಣೆಯನ್ನು 2018ರಲ್ಲಿ ಸರ್ಕಾರವೇ ತೆಗೆದುಹಾಕಿತು. ಹಡಗುಗಳಿಗೆ ಹೊಸ, ಸುರಕ್ಷಿತ ನೆಲೆ ಒದಗಿಸುವುದೇ ಅಂದಿನಿಂದ ಆ ಸಂಸ್ಥೆಯ ಮುಂದಿರುವ ದೊಡ್ಡ ಕೆಲಸ. ನೋಡಿ, ಹಡಗುಗಳಿಗೆ ಸಾವಿರ ವರ್ಷವಾಗಿದೆ, ಅವು ಇನ್ನೂ ಉಳಿದಿವೆ. ಅವುಗಳನ್ನು ಕಾಯಲು ಕಟ್ಟಿದ ಮನೆ ಐವತ್ತು ವರ್ಷವೂ ಗಟ್ಟಿಯಾಗಿ ನಿಲ್ಲಲಿಲ್ಲ. ಈ ಮಧ್ಯೆ ದೋಣಿ ಕಟ್ಟುವ ಅಂಗಳಕ್ಕೂ ಸ್ವಯಂಸೇವಕರ ಕೂಟಗಳಿಗೂ ಧಕ್ಕೆಯಾಗಲಿಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಓಡಾಡಿದ ಮೊದಲ ಪ್ರತಿರೂಪ ಸವೆದು ದಡ ಸೇರಿದಾಗ ಅವರೇ ಇನ್ನೊಂದನ್ನು ಕಟ್ಟಿದರು. ಕಟ್ಟಡವನ್ನು ಕೊನೆಗಿಡಿ ಎಂದು ನಾನು ಹೇಳಿದ್ದು ಈ ಕಾರಣಕ್ಕೆ.

ಈಗ ನಮ್ಮ ಕರಾವಳಿಗೆ ಬರುತ್ತೇನೆ. ಕಬ್ಬಿಣದ ಮೊಳೆಯಿಲ್ಲದೆ, ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ದೋಣಿ ಕಟ್ಟುವ ವಿದ್ಯೆ ಅರಬ್ಬೀ ಸಮುದ್ರದ ಎರಡೂ ದಡಗಳಲ್ಲಿ ಶತಮಾನಗಳ ಕಾಲ ಬಾಳಿತ್ತು. ಅಜಂತಾ ಗುಹೆಯ ಐದನೆಯ ಶತಮಾನದ ಹಡಗಿನ ಚಿತ್ರವನ್ನು ಆಧರಿಸಿ, ಅದೇ ವಿದ್ಯೆಯಿಂದ ಗೋವಾದಲ್ಲಿ ಕಟ್ಟಿದ ಹಾಯಿಹಡಗನ್ನು ಭಾರತೀಯ ನೌಕಾಪಡೆಯು 2025ರ ಮೇ 21ರಂದು ಕಾರವಾರದಲ್ಲಿ ಸೇರಿಸಿಕೊಂಡು ಅದಕ್ಕೆ ಕೌಂಡಿನ್ಯ ಎಂಬ ಹೆಸರಿಟ್ಟಿತು. ಗುಜರಾತಿನಿಂದ ಒಮಾನಿಗೆ ಸಾಗುವ ಪ್ರಾಚೀನ ಕಡಲದಾರಿಯನ್ನು ಮತ್ತೆ ಕ್ರಮಿಸುವುದು ಅದನ್ನು ಕಟ್ಟಿದ ಉದ್ದೇಶಗಳಲ್ಲಿ ಒಂದು. ಹೊಲಿದವರು ಕೇರಳದ ಕುಶಲಕರ್ಮಿಗಳು. ಅವರ ಕೈ ಉಳಿದಿದ್ದರಿಂದ ಹಡಗು ಎದ್ದು ನಿಂತಿತು. ನಿಮ್ಮ ಊರಿನಲ್ಲಿ ಮರದ ದೋಣಿ ಕಟ್ಟಿದ ಆಚಾರಿಗಳು ಎಷ್ಟು ಜನ ಉಳಿದಿದ್ದಾರೆ, ಅವರ ವಯಸ್ಸೆಷ್ಟು, ಅವರಲ್ಲಿ ಯಾರ ಮಕ್ಕಳಿಗೆ ಈ ಕೆಲಸ ಗೊತ್ತಿದೆ ಎಂಬ ಪಟ್ಟಿಯನ್ನು ಈ ವರ್ಷವೇ ಮಾಡಿ. ಫೈಬರ್ ದೋಣಿ ಬಂದ ಮೇಲೆ ಆ ಕೆಲಸಕ್ಕೆ ಬೇಡಿಕೆ ಇಲ್ಲ, ಬೇಡಿಕೆ ಇಲ್ಲದ್ದರಿಂದ ಕಲಿಯುವವರಿಲ್ಲ. ಸಂಗ್ರಹಾಲಯವು ಎರಡು ಮೂರು ವರ್ಷಕ್ಕೊಮ್ಮೆ ಒಂದು ಸಣ್ಣ ಮರದ ದೋಣಿಯನ್ನು ಕೂಲಿ ಕೊಟ್ಟು ಕಟ್ಟಿಸಿದರೆ, ಜೊತೆಗೆ ಇಬ್ಬರು ಹುಡುಗರನ್ನು ಸಂಬಳ ಕೊಟ್ಟು ಕಲಿಯಲು ಹಚ್ಚಿದರೆ, ಅಷ್ಟರಿಂದಲೇ ಆ ವಿದ್ಯೆಯ ಕೊಂಡಿ ಕಡಿಯದೆ ಉಳಿಯುತ್ತದೆ. ಈ ಕೆಲಸವನ್ನು ಗೌರವಕ್ಕಾಗಿ ಬಿಟ್ಟಿಯಾಗಿ ಮಾಡಿಕೊಡಿ ಎಂದು ಯಾವ ಆಚಾರಿಯನ್ನೂ ಕೇಳಬೇಡಿ.

ರಂಪಣಿ ಬಲೆಯ ವಿಷಯದಲ್ಲಿ ಹೆಚ್ಚು ಎಚ್ಚರದಿಂದ ಇರಬೇಕು. ಅದನ್ನು ಗೋಡೆಗೆ ತೂಗುಹಾಕಿ 'ಹಳೆಯ ಬಲೆ' ಎಂದು ಚೀಟಿ ಅಂಟಿಸಿದರೆ ಅದರ ಅರ್ಥವೇ ಹೋಗುತ್ತದೆ. ದೋಣಿಯಲ್ಲಿ ಒಯ್ದು ಅರ್ಧ ವೃತ್ತವಾಗಿ ಬಿಟ್ಟು, ದಡದಿಂದ ಹತ್ತಾರು ಜನ, ಕೆಲವೊಮ್ಮೆ ನೂರರ ಹತ್ತಿರ ಜನ ಎರಡೂ ತುದಿ ಹಿಡಿದು ಎಳೆಯುತ್ತಿದ್ದ ಬಲೆ ಅದು. ಬಲೆಯ ತುಂಡು ತಂದವನಿಗೆ, ದೋಣಿ ಕೊಟ್ಟವನಿಗೆ, ಎಳೆದವನಿಗೆ ಎಂದು ಮೀನಿನ ಪಾಲು ಹಂಚುವ ಒಂದು ಇಡೀ ನ್ಯಾಯಪದ್ಧತಿ ಅದರ ಸುತ್ತ ಇತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು (ದೊಡ್ಡ ಸುತ್ತುಬಲೆಯ ಯಂತ್ರದೋಣಿಗಳು) ಬಂದು ಬಂಗುಡೆ, ಬೂತಾಯಿಯ ಹಿಂಡುಗಳನ್ನು ಕಡಲ ನಡುವೆಯೇ ಸುತ್ತುವರಿಯತೊಡಗಿದ ಮೇಲೆ ರಂಪಣಿಗಳು ಕೆಲವೇ ವರ್ಷಗಳಲ್ಲಿ ಮೂಲೆಗುಂಪಾದವು. ದಡದವರಿಗೂ ದೋಣಿಯವರಿಗೂ ಜಗಳಗಳಾದವು. ಆ ಜಗಳದ ಎರಡೂ ಕಡೆಯ ಮನೆಗಳು ನಿಮ್ಮ ಊರಿನಲ್ಲಿ ಇಂದಿಗೂ ಇರುತ್ತವೆ. ಅವರಿಬ್ಬರ ಮಾತನ್ನೂ ಅವರವರ ದನಿಯಲ್ಲೇ ದಾಖಲಿಸಿ, ಎರಡನ್ನೂ ಒಂದೇ ಕೋಣೆಯಲ್ಲಿ ಕೇಳಿಸುವ ಧೈರ್ಯ ನಿಮಗಿದ್ದರೆ, ಮೀನು ಕಡಿಮೆಯಾಗುತ್ತಿರುವ ಇಂದಿನ ದಿನಗಳಲ್ಲಿ ಊರು ಕೂತು ಮಾತಾಡಲು ಒಂದು ಜಾಗ ಸಿಕ್ಕಂತಾಗುತ್ತದೆ. ಹಾಗೆಯೇ ಮೀನು ಹೊತ್ತು ಮಾರಿದ, ಒಣಗಿಸಿದ, ಸಾಲ ಕೊಟ್ಟು ತೆಗೆದುಕೊಂಡ ಹೆಂಗಸರ ಮಾತು. ಕಡಲ ಸಂಗ್ರಹಾಲಯಗಳಲ್ಲಿ ದೋಣಿ ಏರಿದ ಗಂಡಸರ ಕಥೆ ತುಂಬಿರುತ್ತದೆ, ದಡದಲ್ಲಿ ಆ ದೋಣಿಯ ಲೆಕ್ಕ ತೂಗಿಸಿದ ಹೆಂಗಸರ ಕಥೆ ಬಹುತೇಕ ಇರುವುದೇ ಇಲ್ಲ. ಖಾರ್ವಿ, ಹರಿಕಂತ್ರ, ಅಂಬಿಗ ಮನೆಗಳೂ ಮುಸ್ಲಿಂ ಮೀನುಗಾರ ಮನೆಗಳೂ ತಮ್ಮ ತಮ್ಮ ಮಾತು ಸೇರಿಸದೆ ನೀವು ಒಂದು ಫಲಕವನ್ನೂ ಬರೆಯಬೇಡಿ.

ಕಹಿಯಾದ ಚರಿತ್ರೆಯನ್ನು ಬಿಡಬೇಕೆ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್ ಹದಿನೆಂಟನೆಯ ಶತಮಾನದ ಕೊನೆಗೆ ಯೂರೋಪಿನಲ್ಲೇ ಗುಲಾಮರ ವ್ಯಾಪಾರದ ಮುಂಚೂಣಿಯ ಬಂದರು. ಅಲ್ಲಿಯ ಕಡಲ ಸಂಗ್ರಹಾಲಯ 1994ರಲ್ಲಿ ಆ ವ್ಯಾಪಾರದ ಬಗ್ಗೆಯೇ ಒಂದು ವಿಭಾಗ ತೆರೆಯಿತು. 2007ರಲ್ಲಿ ಅದು ಅದೇ ಕಟ್ಟಡದಲ್ಲಿ ಪ್ರತ್ಯೇಕ ಅಂತರರಾಷ್ಟ್ರೀಯ ಗುಲಾಮಗಿರಿ ಸಂಗ್ರಹಾಲಯವಾಯಿತು. ನಗರದ ಸಂಪತ್ತು ಎಲ್ಲಿಂದ ಬಂತು ಎಂದು ನಗರಕ್ಕೇ ಹೇಳುವ ಕೆಲಸ ಅದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಗಳ ಸಿದ್ದಿಯರ ಪೂರ್ವಿಕರು ಆಫ್ರಿಕಾದಿಂದ ಬಂದದ್ದು ಇದೇ ಕಡಲ ಮೇಲೆ. ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ತರಲಾಗಿತ್ತು. ಹೊನ್ನಾವರದ ಕಡಲ ಚರಿತ್ರೆ ಹೇಳುವಾಗ ಮೆಣಸಿನ ವೈಭವವಷ್ಟೇ ಹೇಳಿ ಇದನ್ನು ಬಿಟ್ಟರೆ ಅದು ಅರ್ಧ ಚರಿತ್ರೆ.

ವೈಭವ ಹೇಳಲು ಬೇಕಾದಷ್ಟು ಇದೆ, ಅದನ್ನೂ ಹೇಳಿ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಅದಕ್ಕೂ ಇನ್ನೂರು ವರ್ಷ ಮೊದಲು ಮಂಗಳೂರಿನಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನ ಪತ್ರಗಳು ಕೈರೋದ ಹಳೆಯ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಸಿಕ್ಕಿವೆ. ಆತನ ಪರವಾಗಿ ಯೆಮನ್ನಿನ ಏಡನ್ ಬಂದರಿನ ವರೆಗೆ ಹೋಗಿ ಬರುತ್ತಿದ್ದ ಬೊಮ್ಮ ಎಂಬ ಸೇವಕನ ಹೆಸರೂ ಆ ಪತ್ರಗಳಲ್ಲಿದೆ. ನಿಮ್ಮ ಶಾಲೆಯ ಮಕ್ಕಳು ಈ ಎರಡು ಸಂಗತಿಗಳನ್ನು ಭೂಪಟದ ಮುಂದೆ ನಿಂತು ಕೇಳಿದರೆ ತಮ್ಮ ಊರಿನ ದಕ್ಕೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ ಎಂಬ ನಂಬಿಕೆ ನನಗಿದೆ.

ನಿಮ್ಮ ಹತ್ತಿರದ ಉದಾಹರಣೆಯೆಂದರೆ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದ ಯುದ್ಧನೌಕೆ ಸಂಗ್ರಹಾಲಯ. 1976ರಲ್ಲಿ ನೌಕಾಪಡೆ ಸೇರಿದ ಕ್ಷಿಪಣಿ ನೌಕೆ ಚಪಲ್ 2006ರಿಂದ ಅಲ್ಲಿ ದಡದ ಮೇಲೆ ನಿಂತಿದೆ. ಈಗ ಅದರ ಜೊತೆಗೆ ಟುಪೊಲೆವ್-142 ವಿಮಾನವೂ ಇದೆ. ಇಕ್ಕಟ್ಟಾದ ಆ ನೌಕೆಯೊಳಗೆ ಇಳಿದು ಬಂದ ಮಗುವಿಗೆ ನಾವಿಕರ ಬದುಕಿನ ಕಷ್ಟ ಯಾವ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಚಪಲ್ 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತ್ತು ಎಂಬ ಮಾತು ಜನರಲ್ಲೂ ಪತ್ರಿಕೆಗಳಲ್ಲೂ ಹಬ್ಬಿದೆ. 1976ರಲ್ಲಿ ಸೇರಿದ ನೌಕೆ 1971ರಲ್ಲಿ ಹೋರಾಡಲು ಸಾಧ್ಯವಿಲ್ಲ. ಕರಾಚಿಯ ಮೇಲಿನ ಮೊದಲ ದಾಳಿಗೆ ಹೋದದ್ದು ಅದಕ್ಕಿಂತ ಹಿಂದಿನ ಶ್ರೇಣಿಯ ನಿರ್ಘಾತ್, ನಿಪಾತ್ ಮತ್ತು ವೀರ್. ಸಂಗ್ರಹಾಲಯದ ಒಂದು ತಪ್ಪು ಸಾಲು ಸಾವಿರಾರು ಮಕ್ಕಳ ಟಿಪ್ಪಣಿ ಪುಸ್ತಕ ಸೇರುತ್ತದೆ ಎಂಬ ಕಾರಣಕ್ಕೆ ಇದನ್ನು ಹೇಳಿದೆ. ನಿಮ್ಮ ದೋಣಿ ಯಾವ ವರ್ಷದ್ದು ಎಂದು ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಬರೆಯಿರಿ.

ಹಣದ ವಿಷಯದಲ್ಲಿ ವಿಕ್ರಾಂತ್ ನೌಕೆಯ ಕಥೆಯನ್ನು ಮರೆಯಬಾರದು. ನಮ್ಮ ಮೊದಲ ವಿಮಾನವಾಹಕ ನೌಕೆ 1997ರಲ್ಲಿ ನಿವೃತ್ತವಾಗಿ ಮುಂಬಯಿಯಲ್ಲಿ ಸಂಗ್ರಹಾಲಯವಾಗಿ ನಿಂತಿತ್ತು. ಸುರಕ್ಷತೆಯ ಕಾರಣಕ್ಕೆ 2012ರಲ್ಲಿ ಅದನ್ನು ಮುಚ್ಚಿ, 2014ರಲ್ಲಿ ಸುಮಾರು 60 ಕೋಟಿ ರೂಪಾಯಿಗೆ ಗುಜರಿಗೆ ಮಾರಲಾಯಿತು. ದೇಶವೇ ಪ್ರೀತಿಸಿದ ಹಡಗಿಗೆ ವರ್ಷ ವರ್ಷದ ದುರಸ್ತಿಯ ಹಣ ಹೊಂದಲಿಲ್ಲ. ಉದ್ಘಾಟನೆಗೆ ದಾನಿಗಳು ಸಿಗುತ್ತಾರೆ, ಏಳನೆಯ ವರ್ಷದ ಎಣ್ಣೆ, ಹಗ್ಗ, ಹಲಗೆಗೆ ಸಿಗುವುದಿಲ್ಲ. ಆದ್ದರಿಂದ ಬಂದ ಮೊದಲ ದೇಣಿಗೆಯಲ್ಲೇ ಒಂದು ಭಾಗವನ್ನು ಮುಟ್ಟದ ಠೇವಣಿಯಾಗಿ ಇಟ್ಟು, ಅದರ ಬಡ್ಡಿ ದುರಸ್ತಿಗೆ ಮಾತ್ರ ಎಂದು ಸಂಘದ ನಿಯಮದಲ್ಲೇ ಬರೆದಿಡಿ. ಟಿಕೆಟಿನ ಹಣವನ್ನು ನೆಚ್ಚಬೇಡಿ, ಊರಿನವರಿಂದ ಟಿಕೆಟು ಪಡೆಯಲೇಬೇಡಿ.

ಎರಡು ದೋಣಿಗಳಲ್ಲಿ ಗಟ್ಟಿಯಾಗಿರುವುದನ್ನು ನೀರಿನಲ್ಲಿ ನಡೆಸಿ, ಜೀರ್ಣವಾದದ್ದನ್ನು ಹಾಗೆಯೇ ಕಾಯಿರಿ ಎಂಬುದು ನನ್ನ ಸಲಹೆ. ದಡದಲ್ಲಿ ಬಿಸಿಲಿಗೆ ಬಿಟ್ಟ ಮರದ ದೋಣಿಯ ಹಲಗೆ ಒಣಗಿ ಸಂಕುಚಿಸಿ ಸಂದುಗಳು ಬಾಯಿಬಿಡುತ್ತವೆ. ಅದರೊಳಗೆ ಮಳೆಯ ಸಿಹಿನೀರು ನಿಂತರೆ ಕಡಲ ಉಪ್ಪುನೀರಿಗಿಂತ ಬೇಗ ಕೊಳೆಸುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಿಮ್ಮ ಊರಿನಲ್ಲಿ ಗಾಳಿಯಾಡುವ ಎತ್ತರದ ಮಾಡು ಮೊದಲ ಅಗತ್ಯ. ಹವಾನಿಯಂತ್ರಣದ ಕೋಣೆ ಬೇಕಾಗಿಲ್ಲ. ಗಟ್ಟಿಯಾಗಲೆಂದು ಮರದ ಮೇಲೆ ಫೈಬರ್ ಲೇಪನ ಹಾಕಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ, ಒಳಗೆ ಸಿಕ್ಕಿಬಿದ್ದ ತೇವ ಹಲಗೆಯನ್ನು ಕಣ್ಣಿಗೆ ಕಾಣದಂತೆ ತಿನ್ನುತ್ತದೆ. ನಮ್ಮ ಹಿರಿಯರು ಬಳಿಯುತ್ತಿದ್ದ ಬೂತಾಯಿ ಎಣ್ಣೆ, ಹೊನ್ನೆ ಎಣ್ಣೆಗಳೇ ಸಾಕು, ಬಳಿಯುವ ಕಾಲ ಮತ್ತು ಕ್ರಮವನ್ನು ಬಲ್ಲವರಿಂದ ಕೇಳಿ ಬರೆದಿಟ್ಟುಕೊಳ್ಳಿ. ಕಡಲತಳದಿಂದ ಎದ್ದ ಮರ ಮಾತ್ರ ಬೇರೆ ಜಾತಿ. ಬಲೆಗೆ ಸಿಕ್ಕ ಹಳೆಯ ಹಲಗೆಯನ್ನು ಎಂದೂ ಒಣಗಲು ಬಿಡಬೇಡಿ, ನೀರಿನಲ್ಲೇ ಮುಳುಗಿಸಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ಸ್ವೀಡನ್ನಿನ ವಾಸಾ ಹಡಗನ್ನು 1961ರಲ್ಲಿ ಮೇಲೆತ್ತಿದ ಮೇಲೆ, ಮರದೊಳಗಿನ ನೀರಿನ ಜಾಗಕ್ಕೆ ಮೇಣದಂಥ ರಾಸಾಯನಿಕ ತುಂಬಲು ಹದಿನೇಳು ವರ್ಷ ಸಿಂಪಡಿಸಬೇಕಾಯಿತು.

ಜಾಗದ ಆಯ್ಕೆಯಲ್ಲಿ ಕಾನೂನೂ ಕಡಲೂ ಒಂದೇ ಮಾತು ಹೇಳುತ್ತವೆ. ಕಡಲಂಚಿನಲ್ಲಿ ಉಬ್ಬರದ ಗೆರೆಯಿಂದ 500 ಮೀಟರ್ ವರೆಗಿನ ನೆಲ ಕರಾವಳಿ ನಿಯಂತ್ರಣ ವಲಯಕ್ಕೆ ಸೇರುತ್ತದೆ, ಅಲ್ಲಿ ಕಾಯಂ ಕಟ್ಟಡಕ್ಕೆ ಅನುಮತಿ ಬೇಕು. ಅಳಿವೆಗಳ ಮರಳುದಂಡೆಗಳು ವರ್ಷದಿಂದ ವರ್ಷಕ್ಕೆ ಸರಿಯುವುದು ನಿಮಗೇ ಗೊತ್ತು. ದೋಣಿಯ ಮಾಡು ನೀರಿನ ಬಳಿ ಇರಲಿ, ಬಿಚ್ಚಿ ಬೇರೆಡೆ ಹೂಡುವಂತಿರಲಿ. ಲೆಕ್ಕದ ಪುಸ್ತಕ, ದಿಕ್ಸೂಚಿ, ಧ್ವನಿಮುದ್ರಣಗಳು ಮೇಲಿನ ಗಟ್ಟಿನೆಲದಲ್ಲಿರುವ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಲಿ. ನೂರು ವರ್ಷ ಮೀರಿದ ವಸ್ತುಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸಬಹುದಾದ್ದರಿಂದ ಮೊದಲೇ ವಿಚಾರಿಸಿಕೊಳ್ಳಿ. ಮನೆಗಳಿಂದ ವಸ್ತು ಪಡೆಯುವಾಗ ದಾನಪತ್ರ ಬರೆಸಿಕೊಳ್ಳಲು ಆತುರಪಡಬೇಡಿ. ಒಡೆತನ ಮನೆಯವರದ್ದೇ ಇರಲಿ, ಐದು ವರ್ಷಕ್ಕೊಮ್ಮೆ ನವೀಕರಿಸುವ ಎರವಲು ಪತ್ರ ಸಾಕು. ಹಬ್ಬಕ್ಕೋ ದೈವದ ಕಾರ್ಯಕ್ಕೋ ಬೇಕೆಂದರೆ ವಾಪಸು ಒಯ್ಯುವ ಹಕ್ಕು ಅವರಿಗೆ ಇರಬೇಕು.

ಗುಜರಾತಿನ ಲೋಥಲ್‌ನಲ್ಲಿ ಸುಮಾರು 400 ಎಕರೆಯಲ್ಲಿ ರಾಷ್ಟ್ರೀಯ ಕಡಲ ಪರಂಪರೆಯ ಸಂಕೀರ್ಣ ಎದ್ದೇಳುತ್ತಿದೆ, ಅಲ್ಲಿ ಕರಾವಳಿ ರಾಜ್ಯಗಳಿಗೂ ಮಂಟಪಗಳಿರುತ್ತವೆ. ನಮ್ಮ ದೋಣಿಗಳನ್ನೂ ಅಲ್ಲಿಗೇ ಕೊಟ್ಟುಬಿಡೋಣ ಎಂದು ನಿಮ್ಮ ಸಂಘದಲ್ಲಿ ಯಾರಾದರೂ ಹೇಳಬಹುದು. ಮಾಹಿತಿ ಕೊಡಿ, ನಕ್ಷೆ ಕೊಡಿ, ಬೇಕಾದರೆ ನಿಮ್ಮ ಆಚಾರಿಗಳಿಂದ ಪ್ರತಿರೂಪ ಕಟ್ಟಿಸಿ ಕಳಿಸಿ. ಮೂಲ ದೋಣಿ, ಅದನ್ನು ನೋಡಿ 'ಇದು ನಮ್ಮಜ್ಜ ಎಳೆದದ್ದು' ಎನ್ನುವ ಮಕ್ಕಳಿರುವ ಊರಿನಲ್ಲೇ ಇರಬೇಕು.

ಇಪ್ಪತ್ತು ವರ್ಷದ ಯೋಜನೆ ಕೇಳಿದ್ದೀರಿ. ನಾನಾದರೆ ಮೊದಲ ಮೂರು ವರ್ಷ ಕಟ್ಟಡದ ಮಾತೇ ಎತ್ತುವುದಿಲ್ಲ. ಮಾತುಗಳ ದಾಖಲೆ, ವಸ್ತುಗಳ ಪಟ್ಟಿ, ದೋಣಿಗೊಂದು ಮಾಡು, ಅಷ್ಟೆ. ಅನಂತರ ಒಂದು ಹೊಸ ದೋಣಿ ಕಟ್ಟುವ ಕೆಲಸ, ಅದರ ಸುತ್ತ ಒಂದು ಆರೈಕೆಯ ಕೂಟ. ಹತ್ತನೆಯ ವರ್ಷದ ಹೊತ್ತಿಗೆ ಆ ಕೂಟಕ್ಕೆ ಹದಿನೆಂಟು ವರ್ಷದೊಳಗಿನವರು ಬರುತ್ತಿದ್ದರೆ ಕಟ್ಟಡದ ಬಗ್ಗೆ ಯೋಚಿಸಿ. ಬರದಿದ್ದರೆ ಕಟ್ಟಡದಿಂದ ಅವರು ಬರುವುದಿಲ್ಲ.

ಆರಂಭಿಸಲು ಒಳ್ಳೆಯ ಕಾಲವೂ ಹತ್ತಿರದಲ್ಲೇ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಆ 61 ದಿನ ದೋಣಿಗಳು ದಡದಲ್ಲಿರುತ್ತವೆ, ತಾಂಡೇಲರು ಮನೆಯಲ್ಲಿರುತ್ತಾರೆ, ಬಲೆ ಸರಿಪಡಿಸುವ ಕೈಗಳ ನಡುವೆ ಮಾತಿಗೆ ಬಿಡುವಿರುತ್ತದೆ. ಬರುವ ಮಳೆಗಾಲದಲ್ಲಿ ಒಂದು ಧ್ವನಿಮುದ್ರಣ ಯಂತ್ರ ಹಿಡಿದು, 'ಊರಿಗೇನು ಬಂತು' ಎಂದು ಕೇಳಿದ ಹಿರಿಯರ ಮನೆಗೇ ಮೊದಲು ಹೋಗಿ, ಅವರು ಮೊದಲು ಏರಿದ ದೋಣಿ ಯಾವುದು, ಅದನ್ನು ಕಟ್ಟಿದವರು ಯಾರು ಎಂದು ಕೇಳಿ ಕುಳಿತುಕೊಳ್ಳಿ.